ಒಂದು ಪಿಎಸ್4, ಎರಡು ಟ್ಯಾಬ್, ಒಂದು ಡಬ್ಬಿ: ನನ್ನ ಅನುಭವ

"ಭಾವ, ಟಿವಿ ಬಾಕ್ಸ್ ಇರೋದು ಸಿನಿಮಾ ನೋಡೋಕೆ. ಅದರಲ್ಲಿ ಗೇಮ್ ಆಡಿಸ್ತೀನಿ ಅಂದ್ರೆ ಹುಡುಗರು ನಗ್ತಾರೆ ಅಷ್ಟೆ." ನಮ್ಮ ಬಾಮೈದ ಹೀಗಂದು ಎರಡು ವರ್ಷವಾಯ್ತು. (ಟಿವಿ ಬಾಕ್ಸ್ ಅಂದರೆ ಟಿವಿಗೆ ಸಿಕ್ಕಿಸುವ ಪುಟ್ಟ ಆಂಡ್ರಾಯ್ಡ್ ಡಬ್ಬಿ.) ಬಿ.ಎಚ್. ರಸ್ತೆ ಕಡೆ ಕನ್ಸೋಲ್ (ಸೋನಿಯ ಪಿಎಸ್4 ತರದ ಗೇಮ್ ಯಂತ್ರ) ಪಾರ್ಲರ್ ಇಟ್ಟಿರುವ ಗೆಳೆಯನೂ ಇದೇ ಮಾತು ಹೇಳಿದ್ದ, ಜೊತೆಗೆ ತನ್ನ ಹಳೇ ಪಿಎಸ್4 ಮಾರೋಕೂ ನೋಡಿದ್ದ. ಈಗ ನನ್ನ ಹಿಂದಿನ ರೂಮಿನಲ್ಲಿ ನಾಲ್ಕು ಸೀಟು ಓಡುತ್ತಿವೆ. ಕನ್ಸೋಲ್ ಇರುವುದು ಒಂದರಲ್ಲಿ ಮಾತ್ರ.

ಗೊತ್ತಿಲ್ಲದವರಿಗೆ: ನನ್ನದು ತುಮಕೂರಿನ ಕ್ಯಾತ್ಸಂದ್ರದಲ್ಲಿ ಜೆರಾಕ್ಸ್ ಅಂಗಡಿ. ಹಗಲು ಬಸ್ ಪಾಸ್, ಜಾತಿ-ಆದಾಯ ಅರ್ಜಿ. ಸಂಜೆ ಐದರಿಂದ ಒಂಬತ್ತು ಹಿಂದಿನ ರೂಮಿನಲ್ಲಿ ಗೇಮ್. ಶುರುವಿನಲ್ಲಿ ಒಂದೇ ಪಿಎಸ್4 ಸ್ಲಿಮ್ ಇತ್ತು. ಒಬ್ಬರು ಆಡಿದರೆ ಆರು ಜನ ನಿಂತು ನೋಡುತ್ತಿದ್ದರು. ನಿಂತು ನೋಡುವವರಿಂದ ದುಡ್ಡು ಬರಲ್ಲ ಅಲ್ವಾ?

ಪಿಎಸ್5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗಲೇ 49,990 ರೂಪಾಯಿ. ಹೊಸ ಗೇಮ್ ಒಂದಕ್ಕೆ ಐದು ಸಾವಿರದ ಹತ್ತಿರ. ಗಂಟೆಗೆ ನಲವತ್ತು ರೂಪಾಯಿ ವಸೂಲಿ ಮಾಡುವ ನನಗೆ ಆ ಲೆಕ್ಕ ಯಾವ ಕಡೆಯಿಂದಲೂ ಕೂಡಲಿಲ್ಲ.

ಅದಕ್ಕೇ ಟಿವಿ ಬಾಕ್ಸ್ ಕಡೆ ನೋಡಿದೆ. ಮೊದಲು ಮೋಸ ಹೋದೆ. ಬೆಂಗಳೂರಿನಲ್ಲಿ ಎರಡು ಬಾಕ್ಸ್ ತಂದೆ, ಒಂದೊಂದಕ್ಕೆ 2,600 ಅಂತ ನೆನಪು. ಡಬ್ಬಿ ಮೇಲೆ "8ಕೆ", ಎಂಟು ಜಿಬಿ ರ‍್ಯಾಮ್ ಅಂತೆಲ್ಲ ಬರೆದಿತ್ತು. ಸೆಟ್ಟಿಂಗಿನಲ್ಲೂ ಎಂಟೇ ತೋರಿಸುತ್ತಿತ್ತು. ಅನುಮಾನ ಬಂದು ಬೇರೆ ಆ್ಯಪ್ ಹಾಕಿ ನೋಡಿದರೆ ಒಳಗಿದ್ದದ್ದು ಎರಡು! ಕಾರ್ ರೇಸ್ ಹಾಕಿದರೆ ತಿರುವಿಗೆ ಬರುವಷ್ಟರಲ್ಲಿ ಚಿತ್ರ ತಡವರಿಸುತ್ತಿತ್ತು. ಹತ್ತು ನಿಮಿಷಕ್ಕೆ ಡಬ್ಬಿ ಮುಟ್ಟಿದರೆ ಇಡ್ಲಿ ತಟ್ಟೆ ಮುಟ್ಟಿದ ಹಾಗೆ. ಅದಕ್ಕೆ ಬ್ಲೂಟೂತ್ ಜಾಯ್‌ಸ್ಟಿಕ್ ನಾಲ್ಕು ತಂದಿದ್ದೆ, ಅದೂ ನಾಲ್ಕು ಸಾವಿರ ಚಿಲ್ಲರೆ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸಿನಲ್ಲಿ, ವೈಫೈ ಕೂಡ ಬಹಳ ಸಲ ಅದರಲ್ಲೇ. ಹುಡುಗರ ಜೇಬಿನಲ್ಲಿ ಏಳೆಂಟು ಫೋನು ಬೇರೆ. ಒಬ್ಬ ಒತ್ತಿದ್ದು ಆಮೇಲೆ ಯಾವಾಗಲೋ ಹೋಗಿ ಮುಟ್ಟುತ್ತಿತ್ತು. ಬಾಮೈದ ಬಂದು ನೋಡಿ ನಕ್ಕ. ಅವತ್ತು ಅವನಿಗೆ ಕಾಫಿ ಕೊಡಿಸಲಿಲ್ಲ.

ಆಮೇಲೆ ಟ್ಯಾಬ್ ಕಡೆ ತಿರುಗಿದೆ. ಅಲ್ಲೂ ಮೊದಲನೆಯದು ದಂಡ. ಟೈಪ್-ಸಿ ಇದ್ದರೆ ಟಿವಿಗೆ ಬಂದೇ ಬರುತ್ತೆ ಅಂದುಕೊಂಡಿದ್ದೆ. ಬರಲ್ಲ. ಕಡಿಮೆ ಬೆಲೆಯ ಟ್ಯಾಬುಗಳಲ್ಲಿ ಆ ತೂತು ಬರೀ ಚಾರ್ಜಿಗೆ ಮತ್ತು ಫೈಲ್ ಕಳಿಸೋಕೆ, ವಿಡಿಯೊ ಹೊರಗೆ ಬರಲ್ಲ. ಸಾವಿರದೈನೂರು ನಷ್ಟಕ್ಕೆ ಮಾರಿದೆ. ಸ್ನಾಪ್‌ಡ್ರ್ಯಾಗನ್ 855 ಚಿಪ್ಪಿನ, ವಿಡಿಯೊ ಹೊರಗೆ ಬಿಡುವ ಹಳೇ ಟ್ಯಾಬ್ ಎರಡು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕವು, ಒಂದು ಹದಿಮೂರೂವರೆ, ಇನ್ನೊಂದು ಹನ್ನೆರಡು ಸಾವಿರ. ಯಾರ ಹತ್ತಿರ ಅಂತ ಮಾತ್ರ ಕೇಳಬೇಡಿ. ಹೇಳಿದರೆ ನಾಳೆಯಿಂದ ನನಗೆ ಆ ರೇಟಿಗೆ ಸಿಗಲ್ಲ.

ಟ್ಯಾಬಿಗೆ ಹಬ್ (ಒಂದು ತೂತಿಗೆ ಹಲವು ವೈರ್ ಸಿಕ್ಕಿಸುವ ಅಡಾಪ್ಟರ್), ಹಬ್ಬಿನಿಂದ ಟಿವಿಗೆ ಎಚ್‌ಡಿಎಂಐ, ವೈರಿನ ಜಾಯ್‌ಸ್ಟಿಕ್ ಎರಡು. ಒಂಬೈನೂರರ ಹಬ್ ಒಂದು ವಾರ ಬಂತು, ಆಮೇಲೆ ಚಾರ್ಜ್ ಹಾಕಿದ ತಕ್ಷಣ ಪರದೆ ಕಪ್ಪು. ಎರಡು ಸಾವಿರದ ಇನ್ನೂರರದ್ದು ತಂದ ಮೇಲೆ ಆ ತಲೆನೋವಿಲ್ಲ.

ಇಷ್ಟಾದ ಮೇಲೂ ಹುಡುಗರು "ಅಣ್ಣ, ಪಿಎಸ್‌ನಲ್ಲಿ ಕೈ ಕೂರುತ್ತೆ, ಇದರಲ್ಲಿ ಕೂರಲ್ಲ" ಅನ್ನುತ್ತಿದ್ದರು. ಇದು ನಿಜವೋ ಅಥವಾ ಡಬ್ಬಿ ನೋಡಿ ಹೇಳುವುದೋ ತಿಳಿಯಬೇಕಿತ್ತು. ಡೆಡ್ ಸೆಲ್ಸ್ ಅನ್ನುವ ಗೇಮ್ ಪಿಎಸ್4, ಆಂಡ್ರಾಯ್ಡ್, ಪಿಸಿ ಮೂರಕ್ಕೂ ಇದೆ. ಅದನ್ನೇ ತಗೊಂಡೆ. ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮಿಗೆ (ಅಂದರೆ 240 ಚಿತ್ರಕ್ಕೆ) ಇಟ್ಟು, ನನ್ನ ಹೆಬ್ಬೆರಳೂ ಟಿವಿ ಪರದೆಯೂ ಒಟ್ಟಿಗೆ ಕಾಣುವ ಹಾಗೆ ಸ್ಟೂಲಿನ ಮೇಲೆ ನಿಲ್ಲಿಸಿದೆ. ಹಾರುವ ಬಟನ್ ಪೂರ್ತಿ ಒಳಗೆ ಹೋದ ಫ್ರೇಮಿನಿಂದ, ಬೊಂಬೆಯ ಕಾಲು ನೆಲ ಬಿಡುವ ಫ್ರೇಮಿನವರೆಗೆ ಒಂದೊಂದೇ ಸರಿಸಿ ಎಣಿಸಿದೆ. ಒಂದು ಫ್ರೇಮ್ ಅಂದರೆ ನಾಲ್ಕು ಮಿಲಿಸೆಕೆಂಡು ಚಿಲ್ಲರೆ, ಫ್ರೇಮ್ ಕಡಿಮೆ ಬಂದಷ್ಟೂ ತಡ ಕಡಿಮೆ. ಒಂದೊಂದಕ್ಕೂ ಹತ್ತು ಸಲ. ಕಣ್ಣು ಕೆಂಪಾಗಿತ್ತು, ಹೆಂಡತಿ ಎರಡು ಸಲ ಬಂದು ಊಟಕ್ಕೆ ಕರೆದು ಹೋದಳು.

ಪಿಎಸ್4 ಸುಮಾರು ಇಪ್ಪತ್ತು ಫ್ರೇಮ್. ಆ 2,600ರ ಡಬ್ಬಿ, ಬ್ಲೂಟೂತ್ ಜೊತೆ, ನಲವತ್ತೈದು. ಟ್ಯಾಬ್ ಮೂವತ್ತಮೂರು. ಅಂದರೆ ಹುಡುಗರು ಹೇಳಿದ್ದು ನಿಜ! ಆಮೇಲೆ ನೋಡಿದರೆ ತಪ್ಪು ಟ್ಯಾಬಿನದ್ದಲ್ಲ. ಪಿಎಸ್4 ಹಾಕಿದ್ದ ಪೋರ್ಟಿಗೆ ಟಿವಿಯಲ್ಲಿ ಗೇಮ್ ಮೋಡ್ (ಚಿತ್ರ ತಿದ್ದುತ್ತಾ ಕೂರದೆ ಬೇಗ ತೋರಿಸುವ ಸೆಟ್ಟಿಂಗ್) ಆನ್ ಮಾಡಿಟ್ಟಿದ್ದೆ, ಟ್ಯಾಬಿನ ಪೋರ್ಟಿಗೆ ಮಾಡೇ ಇರಲಿಲ್ಲ. ಆನ್ ಮಾಡಿದ ಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು. ಅಷ್ಟು ದಿನ ಒದ್ದಾಡಿದ್ದು ಒಂದು ಸ್ವಿಚ್ಚಿಗೆ.

ಇನ್ನು ಬಿಸಿ. ಟ್ಯಾಬ್ ಹನ್ನೆರಡು ಹದಿಮೂರು ನಿಮಿಷಕ್ಕೆ ಸುಸ್ತಾಗುತ್ತಿತ್ತು. ಅಡುಗೆಮನೆಗೆ ಸ್ಲ್ಯಾಬ್ ಹಾಕಿಸಿದಾಗ ಉಳಿದಿದ್ದ ಕಪ್ಪು ಗ್ರಾನೈಟ್ ಚೂರೊಂದು ಹಿತ್ತಲಲ್ಲಿ ಬಿದ್ದಿತ್ತು. ಟ್ಯಾಬಿನ ಬೆನ್ನು ಲೋಹದ್ದು, ಸುಮ್ನೆ ಅದರ ಮೇಲೆ ಮಲಗಿಸಿ ನೋಡಿದೆ. ಐವತ್ತು ನಿಮಿಷ ಎಳೆಯಿತು! ಆಮೇಲೆ ಕಲ್ಲೇ ಕಾದು ಬಿಡುತ್ತೆ, ಅದಕ್ಕೆ ಹಳೇ ಕಂಪ್ಯೂಟರ್ ಫ್ಯಾನೊಂದು ಪಕ್ಕಕ್ಕೆ ಕಟ್ಟಿದೆ. ಈ ಕಲ್ಲು ನೋಡೋಕೇ ಅಂತ ಇಂಜಿನಿಯರಿಂಗ್ ಹುಡುಗರು ಬಂದಿದ್ದಾರೆ. ದಿನವಿಡೀ ಚಾರ್ಜಿಗೆ ಹಾಕಿಟ್ಟು ಒಂದರ ಬ್ಯಾಟರಿ ಊದಿಕೊಂಡಿದ್ದು, ಮೂರು ಸಾವಿರ ಹೋಗಿದ್ದು ಬೇರೆ ಕಥೆ. ಈಗ ಟೈಮರ್ ಪ್ಲಗ್ ಇದೆ. ಎಷ್ಟು ನಿಮಿಷ ಆನ್, ಎಷ್ಟು ಆಫ್ ಅನ್ನೋದನ್ನ ನೀವೇ ಹುಡುಕಿಕೊಳ್ಳಿ, ನನಗೆ ಎರಡು ತಿಂಗಳು ಹಿಡಿಯಿತು.

ಟ್ಯಾಬಿನಲ್ಲಿ ಆಗದ್ದು ಬಹಳ ಇದೆ, ಸುಳ್ಳು ಹೇಳಲ್ಲ. ಬಿಜಿಎಂಐ (ಪಬ್ಜಿ ಮೊಬೈಲಿನ ನಮ್ಮ ದೇಶದ ಆವೃತ್ತಿ) ಅಂತ ಕೇಳುತ್ತಾ ಬರುತ್ತಾರೆ, ಅದು ಜಾಯ್‌ಸ್ಟಿಕ್ ಒಪ್ಪಲ್ಲ. ಕಾಲ್ ಆಫ್ ಡ್ಯೂಟಿ ಮೊಬೈಲ್ ಒಪ್ಪುತ್ತೆ. ಫೈಟಿಂಗ್ ಗೇಮ್ ಟೆಕ್ಕನ್ 7, ಕ್ರಿಕೆಟ್ 22 ತರದ್ದು ಟ್ಯಾಬಿಗೆ ಇಲ್ಲವೇ ಇಲ್ಲ. ಶಕ್ತಿ ಸಾಲದೆ ಅಲ್ಲ ಅಂತ ನನ್ನ ವಾದ. ನೋಡಿ, ಎನ್ವಿಡಿಯಾದ ಶೀಲ್ಡ್ ಟಿವಿ ಬಾಕ್ಸ್ 2015ರಲ್ಲಿ ಬಂತು, ಒಳಗೆ ಟೆಗ್ರಾ ಎಕ್ಸ್1 ಚಿಪ್. 2017ರಲ್ಲಿ ನಿಂಟೆಂಡೊ ಸ್ವಿಚ್ ಬಂತು, ಅದರಲ್ಲೂ ಟೆಗ್ರಾ ಎಕ್ಸ್1. ಒಂದನ್ನ ಜನ ಡಬ್ಬಿ ಅಂದರು, ಇನ್ನೊಂದನ್ನ ಕನ್ಸೋಲ್ ಅಂದರು. ವ್ಯತ್ಯಾಸ ಗೇಮಿನದ್ದು. 2013ರ ಊಯಾ ಅನ್ನುವ ಆಂಡ್ರಾಯ್ಡ್ ಕನ್ಸೋಲ್ 99 ಡಾಲರಿಗೆ ಸಿಕ್ಕರೂ ನಿಲ್ಲಲಿಲ್ಲ, ಆಡೋಕೆ ಅಂಥದ್ದೇನೂ ಇರಲಿಲ್ಲ. ಪಾರ್ಲರ್ ಗೆಳೆಯನ ಜೊತೆ ಈ ವಿಷಯಕ್ಕೆ ಒಂದು ಸಂಜೆ ಪೂರ್ತಿ ಜಗಳವಾಡಿದ್ದೇನೆ.

ಟೆಕ್ಕನ್, ಕ್ರಿಕೆಟ್ ತರದ ಆ ಗೇಮುಗಳಿಗೆ ನಾಲ್ಕನೇ ಸೀಟು. ಹಗಲು ಅರ್ಜಿ ತುಂಬುವ ಪಿಸಿಗೇ ಹಳೇ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ, ಏಳೂವರೆ ಸಾವಿರ. ಪಿಸಿಯಲ್ಲಿ ಸನ್‌ಶೈನ್, ಹಿಂದಿನ ರೂಮಿನ ಬಾಕ್ಸಿನಲ್ಲಿ ಮೂನ್‌ಲೈಟ್. ಮೊದಲನೇ ಆ್ಯಪ್ ಗೇಮಿನ ಚಿತ್ರ ಕಳಿಸುತ್ತೆ, ಎರಡನೆಯದು ತೋರಿಸುತ್ತೆ. ಈ ಸಲ ಎಸ್905ಎಕ್ಸ್3 ಚಿಪ್ಪಿನ ಬಾಕ್ಸ್, ಐದು ಸಾವಿರದೊಳಗೆ. ಗೇಮ್ ಓಡುವುದು ಕೌಂಟರ್ ಕೆಳಗೆ, ಬಾಕ್ಸ್ ಬರೀ ಚಿತ್ರ ತೋರಿಸುತ್ತೆ. ವೈಫೈಯಲ್ಲಿ ಪ್ರಯತ್ನಪಟ್ಟೆ, ಬೌಲರ್ ಚೆಂಡು ಬಿಟ್ಟ ಮೇಲೆ ಚಿತ್ರ ಚೌಕ ಚೌಕವಾಗಿ, ಸರಿ ಹೋಗುವಷ್ಟರಲ್ಲಿ ವಿಕೆಟ್ ಬಿದ್ದಿರುತ್ತಿತ್ತು. ಗೋಡೆಗೆ ತೂತು ಕೊರೆಸಿ ಲ್ಯಾನ್ ವೈರ್ ಎಳೆದೆ. ಬಾಕ್ಸಿನ ಪೋರ್ಟ್ 100 ಎಂಬಿಪಿಎಸ್ ಅಷ್ಟೆ, ಆದರೆ 1080ಪಿಗೆ ಇಪ್ಪತ್ತು ಕೊಟ್ಟರೆ ಧಾರಾಳ. ಇಪ್ಪತ್ತೇಳು ಫ್ರೇಮ್ ಬಂತು. ಒಂದೆರಡು ಸೆಟ್ಟಿಂಗ್ ಬದಲಾಯಿಸಿ ಇಪ್ಪತ್ನಾಲ್ಕಕ್ಕೆ ಇಳಿಸಿದೆ, ಅದು ನನ್ನ ಹತ್ತಿರವೇ ಇರಲಿ. ಟೆಕ್ಕನ್ ಗಂಭೀರವಾಗಿ ಆಡುವ ಒಬ್ಬಿಬ್ಬರು ಈಗಲೂ ಪಿಎಸ್4 ಸೀಟೇ ಬೇಕು ಅಂತಾರೆ. ನಾಲ್ಕು ಫ್ರೇಮ್ ಅವರಿಗೆ ಗೊತ್ತಾಗುತ್ತೋ ಇಲ್ಲವೋ, ವಾದ ಮಾಡಲ್ಲ, ಕಾಯಿಸುತ್ತೇನೆ.

ಪಿಎಸ್4 ಬಿಟ್ಟು ಮೂರು ಸೀಟಿಗೆ ಒಟ್ಟು ಐವತ್ತು ಸಾವಿರ ಚಿಲ್ಲರೆ, ಟಿವಿ ಸೇರಿಸದೆ. ಹಾಳು ಮಾಡಿಕೊಂಡಿದ್ದು ಇನ್ನೊಂದು ಹದಿನೈದು. ರಜೆಯ ತಿಂಗಳು ಹದಿನೈದು ಸಾವಿರದ ತನಕ ಬರುತ್ತೆ, ಪರೀಕ್ಷೆ ಸಮಯದಲ್ಲಿ ನಾಲ್ಕು ಬಂದರೆ ಪುಣ್ಯ.

ನಾನು ಲೆಕ್ಕ ಹಾಕದೇ ಇದ್ದ ಲಾಭ ಒಂದಿತ್ತು. ಆಡುವಾಗ ಪಿಎಸ್4 ಎಂಬತ್ತು ತೊಂಬತ್ತು ವ್ಯಾಟ್ ತಿನ್ನುತ್ತೆ, ಟ್ಯಾಬ್ ಹತ್ತರ ಆಸುಪಾಸು. ಹೋದ ಬೇಸಿಗೆಯಲ್ಲಿ ಒಂದು ಸಂಜೆ ಕರೆಂಟು ಹೋಯ್ತು. ಪಿಎಸ್4, ಪಿಸಿ ಎರಡೂ ಆಫ್ ಮಾಡಿದೆ, ಟ್ಯಾಬ್ ಎರಡು, ಅದರ ಟಿವಿ ಎರಡು ಇನ್ವರ್ಟರ್ ಮೇಲೆ ಎರಡು ಗಂಟೆ ಓಡಿದವು. ಪಾರ್ಲರ್ ಗೆಳೆಯ ಶಟರ್ ಎಳೆದು ಬೈಕ್ ಹತ್ತಿ ನನ್ನಲ್ಲಿಗೇ ಬಂದಿದ್ದ. ಕಲ್ಲಿನ ಮೇಲಿದ್ದ ಟ್ಯಾಬ್ ತಿರುಗಿಸಿ ತಿರುಗಿಸಿ ನೋಡಿದ. "ಎಷ್ಟಾಯ್ತು ಗುರು ಇದು?" ಅಂದ. ನಾನು ಎರಡು ಸಾವಿರ ಜಾಸ್ತಿ ಸೇರಿಸಿ ಹೇಳಿದೆ.