ಮಗುವಿನ ಕೆಂಪು ಮಚ್ಚೆ: ಕಾಯುವುದಾ, ತೋರಿಸುವುದಾ?

ನನ್ನ ಮಗಳು ಹುಟ್ಟಿದ್ದು ಉಡುಪಿಯಲ್ಲಿ, ಜೂನ್ ಮಳೆಗೆ. ಬಲಗಣ್ಣಿನ ರೆಪ್ಪೆ ಮೇಲೆ ಸೊಳ್ಳೆ ಕಚ್ಚಿದಷ್ಟು ಕೆಂಪು ಇತ್ತು, ಅಷ್ಟೇ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದು ಉಬ್ಬಿ ಕೇಪಳ ಹಣ್ಣಿನಂತಾಯಿತು. ಡಾಕ್ಟರರು ಸ್ಟ್ರಾಬೆರಿ ಮಚ್ಚೆ ಅನ್ನುತ್ತಾರೆ, ಹೆಮಾಂಜಿಯೋಮಾ ಅಂತಲೂ ಅನ್ನುತ್ತಾರೆ. ಬಾಣಂತನಕ್ಕೆ ಬಂದ ಅಜ್ಜಿ "ಗ್ರಹಣ ನೋಡಿದ್ದೆಯಾ ಮಗಾ?" ಎಂದು ಕೇಳಿದರು. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ರಕ್ತನಾಳಗಳ ಗಂಟು. ಹೆಣ್ಣುಮಕ್ಕಳಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದವರಲ್ಲಿ ಜಾಸ್ತಿ.

ನಾವು ಮೊದಲು ತೋರಿಸಿದ ಡಾಕ್ಟರರು "ತಾನೇ ಹೋಗುತ್ತದೆ, ವರ್ಷ ಆದಮೇಲೆ ಬನ್ನಿ" ಎಂದು ಕಳಿಸಿದರು. ಪೂರ್ತಿ ಸುಳ್ಳಲ್ಲ. ಬೆನ್ನಲ್ಲೋ ತೋಳಲ್ಲೋ ಇರುವ ಸಣ್ಣ ಮಚ್ಚೆಗೆ ಸುಮ್ನೆ ಕಾದರೆ ಸಾಕು. ವರ್ಷದ ನಂತರ ಬಣ್ಣ ಮಾಸುತ್ತದೆ, 4 ವರ್ಷದ ಹೊತ್ತಿಗೆ ಹೆಚ್ಚಿನವು ಕುಗ್ಗಿರುತ್ತವೆ. ಆದರೆ ಅದು ಬೆಳೆಯುವ ಆಟ ಹೆಚ್ಚಿನದು ಮೊದಲ 3 ತಿಂಗಳಲ್ಲೇ ಅಲ್ವಾ? ರೆಪ್ಪೆ ಜೋತು ಕಣ್ಣು ಮುಚ್ಚಿದರೆ ಆ ಕಣ್ಣಿನ ದೃಷ್ಟಿಯೇ ಕುಂದಬಹುದು. ನಾವು ಮೂರು ವಾರ ಹಾಳು ಮಾಡಿದೆವು.

ಹಾಗಾಗಿ ಮೊದಲ ದಿನದಿಂದಲೇ ವಾರಕ್ಕೊಂದು ಫೋಟೋ ತೆಗೆಯಿರಿ, ಪಕ್ಕದಲ್ಲಿ ಹೊಲಿಗೆ ಟೇಪ್ ಹಿಡಿದು. ಡಾಕ್ಟರರಿಗೆ ನಿಮ್ಮ ಮಾತಿಗಿಂತ ಅದೇ ಉಪಯೋಗ. ಕಣ್ಣು, ಮೂಗಿನ ತುದಿ, ತುಟಿ, ಸೊಂಟದ ಹಿಂಬದಿ ನಡುಭಾಗ, ನ್ಯಾಪಿ ಕಟ್ಟುವ ಜಾಗ ಇಲ್ಲೆಲ್ಲ ಇದ್ದರೆ ಮಗುವಿಗೆ ತಿಂಗಳು ತುಂಬುವುದರೊಳಗೇ ಚರ್ಮದ ಡಾಕ್ಟರರಿಗೆ ತೋರಿಸಿ. ಗಲ್ಲದ ಸುತ್ತ ಇದ್ದು ಉಸಿರಿನಲ್ಲಿ ಗೊರಗೊರ ಸದ್ದು ಬಂದರೆ ಅವತ್ತೇ ಹೋಗಿ. ಮೈಮೇಲೆ 5 ಅಥವಾ ಅದಕ್ಕೆ ಮಿಕ್ಕಿ ಇದ್ದರೆ ಪಿತ್ತಜನಕಾಂಗದ ಸ್ಕ್ಯಾನ್ ಕೇಳುತ್ತಾರೆ. ರಕ್ತ ಬಂದರೆ ಶುಚಿಯಾದ ಬಟ್ಟೆಯಲ್ಲಿ 10 ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ.

ಮಣಿಪಾಲದಲ್ಲಿ ಮಗುವಿನ ಎದೆಬಡಿತ, ಬಿಪಿ ನೋಡಿ ಪ್ರೊಪ್ರನೊಲಾಲ್ ಶುರು ಮಾಡಿದರು. ಹೃದಯಕ್ಕೆ ಕೊಡುವ ಹಳೇ ಮದ್ದು. ಫ್ರಾನ್ಸಿನ ಬೋರ್ಡೋ ಊರಿನಲ್ಲಿ ಹೃದಯದ ತೊಂದರೆಗೆಂದು ಮಗುವಿಗೆ ಇದನ್ನು ಕೊಟ್ಟಾಗ ಮಚ್ಚೆ ಕರಗಿತು. 2008ರಲ್ಲಿ ಅದು ಎಲ್ಲರಿಗೂ ಗೊತ್ತಾಯಿತು. ತೆಳ್ಳಗಿನ ಸಣ್ಣ ಮಚ್ಚೆಗಾದರೆ ಟಿಮೊಲಾಲ್ ಹನಿ ಹಚ್ಚಲು ಹೇಳುವುದೂ ಉಂಟು. ಎರಡನ್ನೂ ಡಾಕ್ಟರರು ಬರೆದುಕೊಡದೆ ಮುಟ್ಟಬೇಡಿ.

ಕೊಡುವುದರಲ್ಲಿ ಜಾಗ್ರತೆ ಬೇಕು. ಡೋಸ್ ಮಗುವಿನ ತೂಕದ ಮೇಲೆ, ದಿನಕ್ಕೆ ಎರಡು ಸಲ, ಕಡಿಮೆ ಎಂದರೂ 6 ತಿಂಗಳು. ಹಾಲು ಕುಡಿಯುವಾಗ ಅಥವಾ ಕುಡಿದ ತಕ್ಷಣ ಕೊಡಿ, ಖಾಲಿ ಹೊಟ್ಟೆಗೆ ಮಾತ್ರ ಬೇಡ. ರಕ್ತದ ಸಕ್ಕರೆ ಅಂಶ ಇಳಿದುಬಿಡಬಹುದು. ರಾತ್ರಿ ತುಂಬಾ ಹೊತ್ತು ಹಾಲಿಲ್ಲದೆ ಮಲಗಿಸಬೇಡಿ. ಉಗುಳಿದರೆ ಮತ್ತೆ ಕೊಡಬೇಡಿ, ಒಂದು ಹೊತ್ತು ತಪ್ಪಿದರೆ ಮುಂದಿನದನ್ನು ಡಬಲ್ ಮಾಡಬೇಡಿ. ವಾಂತಿ ಆದರೆ, ಹಾಲು ಬಿಟ್ಟರೆ, ನಮ್ಮ ಮಳೆಗಾಲದ ಕೆಮ್ಮಿಗೆ ಎದೆ ಸುಯ್ಯೆಂದರೆ ಮದ್ದು ನಿಲ್ಲಿಸಿ ಫೋನ್ ಮಾಡಿ. ಮಗು ಬೆವತು ತಣ್ಣಗಾಗಿ ಎಬ್ಬಿಸಿದರೂ ಏಳದಿದ್ದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಓಡಿ. ಕೈಕಾಲು ಸ್ವಲ್ಪ ತಣ್ಣಗಿರುವುದು, ನಿದ್ದೆ ಕೆಡುವುದು ಇದ್ದದ್ದೇ. ನಾವಂತೂ ಎರಡು ತಿಂಗಳು ಸರಿ ಮಲಗಲಿಲ್ಲ.

ಎಣ್ಣೆಸ್ನಾನ ಬಿಡಬೇಕಿಲ್ಲ, ಮಚ್ಚೆಯನ್ನು ತಿಕ್ಕದಿದ್ದರೆ ಆಯಿತು. ಈಗ ಮಗಳಿಗೆ 4 ವರ್ಷ, ರೆಪ್ಪೆ ಮೇಲೆ ತೆಳು ಗುಲಾಬಿ ಗೆರೆ ಉಳಿದಿದೆ. ಅದಕ್ಕೆ ಲೇಸರ್ ಬೇಕಾ ಎಂದು ಕೇಳಿದೆ. ಅವಳಿಗೆ ಬೇಡ ಎಂದರು ಡಾಕ್ಟರರು.