ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಯಾವ ಮಾಸ್ಕ್ ತಗೋಬೇಕು? ಮೊದ್ಲು ಗಾಳಿ ಎಲ್ಲಿಂದ ಬರುತ್ತೆ ನೋಡಿ

ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಲ್ಲಿ ಬ್ಲಾಸ್ಟಿಂಗ್ (ಗಾಳಿ ಒತ್ತಡದಲ್ಲಿ ಮರಳು ಹೊಡೆದು ಕಬ್ಬಿಣದ ತುಕ್ಕು, ಪೇಂಟ್ ಕೀಳೋ ಕೆಲಸ) ನಡೀವಾಗ ನೋಡಿರ್ತೀರ, ನಾಝಲ್ ಹಿಡ್ದಿರೋನ ತಲೆ ಮೇಲೆ ಒಂದು ಕ್ಯಾನ್ವಾಸ್ ಹುಡ್, ಅದರೊಳಗೆ ಮೂಗಿಗೆ ಒದ್ದೆ ಟವೆಲ್ ಸುತ್ಕೊಂಡಿರ್ತಾನೆ, ಪಾಟಿಗೆ, ಅಂದ್ರೆ ಮರಳಿನ ಟ್ಯಾಂಕಿಗೆ, ಮರಳು ಸುರಿಯೋ ಹೆಲ್ಪರ್‌ಗೆ ಅದೂ ಇಲ್ಲ. ಕೋಟಿಂಗ್ ಲೈನಿಗೆ ಬಂದ ಹೊಸದ್ರಲ್ಲಿ ನಾನೂ ಟವೆಲ್ ಗಿರಾಕಿನೇ. ಸಂಜೆ ಮೂಗು ಸೀಟಿದ್ರೆ ಕರ್ರಗೆ ಬರೋದು, ಧೂಳೆಲ್ಲ ಟವೆಲ್ಲೇ ಹಿಡ್ಕೊಂಡಿದೆ, ಉಳಿದಿದ್ದು ಮೂಗಲ್ಲೇ ನಿಂತಿದೆ ಅಂತ ಖುಷಿ ಬೇರೆ.

ಮೂಗಲ್ಲಿ ನಿಲ್ಲೋ ಧೂಳಿಂದ ಅಷ್ಟು ಭಯ ಇಲ್ಲ. ಮರಳಿನ ಕಣ ಕಬ್ಬಿಣಕ್ಕೆ ಬಡಿದು ಪುಡಿಯಾದಾಗ ಹುಟ್ಟೋ ಸಿಲಿಕಾ ಧೂಳು, 4-5 ಮೈಕ್ರಾನ್ ಅಥವಾ ಅದಕ್ಕೂ ಸಣ್ಣ ಸೈಜಿಂದು, ಅದು ಕಣ್ಣಿಗೇ ಕಾಣಲ್ಲ (ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ, ಲೆಕ್ಕ ಹಾಕಿ), ಸೀದಾ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂರುತ್ತೆ. ಅದರಿಂದ ಬರೋದು ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ. ವಾಸಿ ಮಾಡೋ ಔಷಧಿ ಇಲ್ಲ, ಟಿಬಿ ಬೇಗ ಅಂಟ್ಕೊಳ್ಳುತ್ತೆ, 1997ರಿಂದ ಈ ಧೂಳು ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಯಲ್ಲೂ ಇದೆ. ನಮ್ಮ ಕೆಜಿಎಫ್ ಕಡೆ ಹಳೇ ಗಣಿ ಕಾರ್ಮಿಕರ ಮನೆಗಳಲ್ಲಿ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಟರ್ಕಿಯಲ್ಲಿ ಜೀನ್ಸ್ ಪ್ಯಾಂಟಿಗೆ ಹಳೇ ಲುಕ್ ಕೊಡೋಕೆ ಮರಳು ಹೊಡೀತಿದ್ದ ಹುಡುಗರು ಸಣ್ಣ ವಯಸ್ಸಲ್ಲೇ ಹಾಸಿಗೆ ಹಿಡಿದ್ರು, 2009ರಲ್ಲಿ ಅಲ್ಲಿ ಆ ಕೆಲಸನೇ ಬ್ಯಾನ್ ಆಯ್ತು.

ಮೊದ್ಲು: ಏನ್ ಹೊಡೀತಿದೀರಿ, ಯಾವುದರ ಮೇಲೆ?

ಮಾಸ್ಕ್ ಅಂಗಡಿಗೆ ಹೋಗೋ ಮುಂಚೆ ಮರಳು ಬಿಡಕ್ಕಾಗುತ್ತಾ ನೋಡಿ. ಸ್ಟೀಲ್ ಗ್ರಿಟ್, ಗಾರ್ನೆಟ್, ಅಲ್ಯುಮಿನಿಯಂ ಆಕ್ಸೈಡ್, ಕಾಪರ್ ಸ್ಲ್ಯಾಗ್ (ತಾಮ್ರ ಕರಗಿಸಿದಾಗ ಉಳಿಯೋ ಕಿಟ್ಟ) ಎಲ್ಲ ಸಿಗುತ್ತೆ. ಬ್ರಿಟನ್‌ನಲ್ಲಿ ಮರಳಿಂದ ಬ್ಲಾಸ್ಟ್ ಮಾಡೋದನ್ನ 1950ರ ಹೊತ್ತಿಗೇ ನಿಲ್ಲಿಸಿಬಿಟ್ರು, ನಾವಿನ್ನೂ ಮರಳು ಲೋಡ್ ಇಳಿಸ್ಕೋತಾ ಇದೀವಿ. ಹಾಗಂತ ಮರಳು ಬಿಟ್ರೆ ಮಾಸ್ಕೇ ಬೇಡ ಅಂತಲ್ಲ. ಕಾಪರ್ ಸ್ಲ್ಯಾಗಲ್ಲಿ ಸ್ವಲ್ಪ ಸ್ವಲ್ಪ ಸೀಸ, ಆರ್ಸೆನಿಕ್ ಥರದ್ದು ಇರುತ್ತೆ, ಹಳೇ ಸೇತುವೆ, ಹಳೇ ಟ್ಯಾಂಕ್ ಆದ್ರೆ ಕಿತ್ತು ಬರೋ ಪೇಂಟಲ್ಲೇ ಸೀಸ ಇರಬಹುದು.

ಆಮೇಲೆ ಒಂದು ಸಣ್ಣ ಲೆಕ್ಕ

ಎಂಟು ಗಂಟೆ ಡ್ಯೂಟಿಗೆ ಒಂದು ಘನ ಮೀಟರ್ ಗಾಳಿಯಲ್ಲಿ ಸಿಲಿಕಾ ಧೂಳು 0.05 ಮಿಲಿಗ್ರಾಂ ದಾಟಬಾರ್ದು ಅಂತ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2016ರಲ್ಲಿ ರೂಲ್ ಮಾಡ್ತು. ನಮ್ಮ ಹಳೇ 1948ರ ಫ್ಯಾಕ್ಟರಿ ಕಾಯ್ದೆಯ ಫಾರ್ಮುಲಾ ಹಾಕಿದ್ರೆ ಪೂರ್ತಿ ಕ್ವಾರ್ಟ್ಜ್ (ಸಿಲಿಕಾ ಹರಳು) ಧೂಳಿಗೆ ಸುಮಾರು 0.1 ಬರ್ತಿತ್ತು. ಈಗ ನಿಮ್ಮ ಶೆಡ್ಡಲ್ಲಿ 5 ಮಿಲಿಗ್ರಾಂ ಇದೆ ಅಂತಿಟ್ಕೊಳ್ಳಿ, ಅಂದ್ರೆ ಓಶಾ ಮಿತಿಯ ನೂರು ಪಟ್ಟು. ಎನ್95 ಆಗ್ಲಿ ರಬ್ಬರ್ ಹಾಫ್ ಮಾಸ್ಕ್ ಆಗ್ಲಿ, ಮುಖಕ್ಕೆ ಸರಿಯಾಗಿ ಕೂತ್ರೂ ಧೂಳನ್ನ ಹತ್ತನೇ ಒಂದು ಭಾಗಕ್ಕೆ ಇಳಿಸುತ್ತೆ ಅಂತ ಲೆಕ್ಕ, ಆಗ ಒಳಗೆ 0.5 ಉಳೀತು, ಮಿತಿಯ ಹತ್ತು ಪಟ್ಟು. ಒಳ್ಳೇ ಫಿಲ್ಟರ್ ಹಾಕಿದ ಫುಲ್ ಫೇಸ್ ಮಾಸ್ಕ್ ಐವತ್ತನೇ ಭಾಗಕ್ಕೆ ಇಳಿಸುತ್ತೆ, ಆಗ್ಲೂ 0.1, ಓಶಾ ಮಿತಿಯ ಎರಡು ಪಟ್ಟು. ಹೊರಗಿಂದ ಪೈಪಲ್ಲಿ ಗಾಳಿ ಬರೋ ಬ್ಲಾಸ್ಟಿಂಗ್ ಹೆಲ್ಮೆಟ್‌ಗೆ ಮಾತ್ರ, ಅದೂ ಕಂಪನಿಯವ್ರು ಟೆಸ್ಟ್ ಮಾಡಿ ತೋರಿಸಿರೋ ಮಾಡೆಲ್‌ಗಳಿಗೆ, ಧೂಳನ್ನ ಸಾವಿರನೇ ಒಂದು ಭಾಗಕ್ಕೆ ಇಳಿಸುತ್ತೆ ಅಂತ ಲೆಕ್ಕ. ಟೆಸ್ಟ್ ಪೇಪರ್ ಇಲ್ಲದ ಹೆಲ್ಮೆಟ್‌ಗೆ ಬರೀ ಇಪ್ಪತ್ತೈದನೇ ಒಂದು ಭಾಗ. ನೋಡೋಕೆ ಎರಡೂ ಒಂದೇ ಥರ ಇರುತ್ತೆ, ಅದಕ್ಕೇ ತಗೊಳ್ಳುವಾಗ ಆ ಪೇಪರ್ ಕೇಳಿ, ಜೊತೆಗೆ ನಯೋಶ್ (ಅಮೆರಿಕದ ಸರ್ಕಾರಿ ಸಂಸ್ಥೆ) ಅಪ್ರೂವಲ್ ಅಥವಾ ಇಎನ್ 14594 (ಯುರೋಪಿನ ಸ್ಟ್ಯಾಂಡರ್ಡ್) ಮಾರ್ಕ್ ಇದ್ಯಾ ನೋಡಿ.

ಸೋ ನಾಝಲ್ ಹಿಡಿಯೋನಿಗೆ ಈ ಪೈಪ್ ಗಾಳಿಯ, ಅಂದ್ರೆ ಏರ್‌ಲೈನ್, ಹೆಲ್ಮೆಟ್ಟೇ ಬೇಕು. ಮಾರ್ಕೆಟ್ಟಲ್ಲಿ ಬ್ಲಾಸ್ಟಿಂಗ್ ಹುಡ್ ಅಂತ ಕೊಡೋ ಕ್ಯಾನ್ವಾಸ್ ಚೀಲಕ್ಕೆ ಗಾಳಿ ಪೈಪೇ ಇಲ್ಲ ಅಂದ್ರೆ ಅದು ಮುಖಕ್ಕೆ ಸಿಡಿಯೋ ಕಣ ತಡೆಯೋಕೆ ಅಷ್ಟೇ, ಉಸಿರಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ.

ಕೈ ಒಳಗೆ ಹಾಕಿ ಮಾಡೋ ಮುಚ್ಚಿದ ಕ್ಯಾಬಿನೆಟ್ ಆದ್ರೆ, ಡಸ್ಟ್ ಕಲೆಕ್ಟರ್ ಸರಿ ಇದ್ದು ರಬ್ಬರ್ ಸೀಲ್ ಹರಿದಿಲ್ಲ ಅಂದ್ರೆ, ಇಷ್ಟೆಲ್ಲ ಬೇಡ, ಡಸ್ಟ್ ಖಾಲಿ ಮಾಡುವಾಗ ಒಳ್ಳೇ ಫಿಲ್ಟರ್ ಇರೋ ಹಾಫ್ ಮಾಸ್ಕ್ ಹಾಕ್ಕೊಳ್ಳಿ.

ಇನ್ನು ಗಾಳಿ, ಎಲ್ಲರೂ ಎಡವೋದು ಇಲ್ಲೇ

ಹೆಲ್ಮೆಟ್‌ಗೆ ದುಡ್ಡು ಸುರಿದು ಪೈಪನ್ನ ಬ್ಲಾಸ್ಟಿಂಗ್ ಕಂಪ್ರೆಸರ್‌ಗೇ ಡೈರೆಕ್ಟಾಗಿ ಸಿಕ್ಕಿಸ್ತಾರೆ. ಒಂದು ಸೈಟಲ್ಲಿ ಹಂಗೇ ಆಗಿತ್ತು. ಹುಡುಗ ಅರ್ಧ ಗಂಟೆಗೇ ಹೊರಗೆ ಬಂದು "ಅಣ್ಣ, ಒಳಗೆ ಸುಟ್ಟ ಎಣ್ಣೆ ವಾಸ್ನೆ, ತಲೆ ಸಿಡೀತಿದೆ" ಅಂದ. ಹೋಗಿ ನೋಡಿದ್ರೆ ಕಂಪ್ರೆಸರ್ ಗಾಳಿ ಎಳ್ಕೊಳ್ಳೋ ಬಾಯಿ ಪಕ್ಕದಲ್ಲೇ ಡೀಸೆಲ್ ಜನರೇಟರ್ ಹೊಗೆ ಬಿಡ್ತಾ ನಿಂತಿದೆ. ಎಣ್ಣೆ ವಾಸ್ನೆ ಬಂದಿದ್ದು ನಮ್ಮ ಅದೃಷ್ಟ, ಯಾಕಂದ್ರೆ ಆ ಹೊಗೇಲಿರೋ ವಿಷಗ್ಯಾಸ್ ಕಾರ್ಬನ್ ಮಾನಾಕ್ಸೈಡ್‌ಗೆ ವಾಸ್ನೆನೇ ಇಲ್ಲ.

ಉಸಿರಾಡೋ ಗಾಳಿಗೆ ಗ್ರೇಡ್ ಡಿ ಅಂತ ಒಂದು ಅಳತೆ ಇದೆ. ಆಕ್ಸಿಜನ್ 19.5ರಿಂದ 23.5 ಪರ್ಸೆಂಟ್ ಒಳಗೆ, ಕಾರ್ಬನ್ ಮಾನಾಕ್ಸೈಡ್ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಹತ್ತು ಭಾಗ) ದಾಟಬಾರ್ದು, ಎಣ್ಣೆ ಮಂಜು ಘನ ಮೀಟರ್‌ಗೆ 5 ಮಿಲಿಗ್ರಾಂ ಒಳಗೆ. ಇದಕ್ಕೆ ಬ್ರೀದಿಂಗ್ ಏರ್ ಫಿಲ್ಟರ್ ಬೇಕು, ಎಣ್ಣೆ ಹಾಕೋ ಕಂಪ್ರೆಸರ್ ಆದ್ರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕೇ ಬೇಕು, ಮಾಮೂಲಿ ಫಿಲ್ಟರ್ ಎಣ್ಣೆ, ನೀರು ಹಿಡಿಯುತ್ತೆ ಹೊರತು ಆ ಗ್ಯಾಸ್ ಹಿಡಿಯಲ್ಲ. ಆಗೋದಾದ್ರೆ ಉಸಿರಿಗೆ ಅಂತಲೇ ಎಣ್ಣೆ ಇಲ್ಲದ ಸಣ್ಣ ಪಂಪ್ ಬೇರೆ ಇಟ್ಟು, ಧೂಳು, ಹೊಗೆ ಇಲ್ಲದ ಕಡೆ ಕೂರಿಸಿ, ನನ್ನ ಕೇಳಿದ್ರೆ ಅದೇ ಬೆಸ್ಟ್. ಹೆಲ್ಮೆಟ್ ಒಳಗೆ ನಿಮಿಷಕ್ಕೆ ಕಮ್ಮಿ ಅಂದ್ರೂ 170 ಲೀಟರ್ ಗಾಳಿ ಬರ್ಬೇಕು. ಬಳ್ಳಾರಿ, ರಾಯಚೂರು ಬಿಸಿಲಿಗೆ ಹುಡುಗರು ಸೆಕೆ ಅಂತ ಹುಡ್ ಎತ್ತಿಬಿಡ್ತಾರೆ, ಅಂಥ ಕಡೆ ಬೆಲ್ಟಿಗೆ ಹಾಕೋ ಕೂಲಿಂಗ್ ಟ್ಯೂಬ್ ತಗೊಂಡ್ರೆ ದುಡ್ಡು ದಂಡ ಅಲ್ಲ.

ಹೆಲ್ಪರ್, ಗಡ್ಡ, ಗುಡಿಸೋದು

ಹೆಲ್ಪರ್‌ನ ಧೂಳು ಬರದ ದೂರಕ್ಕೆ ನಿಲ್ಲಿಸಿ, ಆಗಲ್ಲ ಅಂದ್ರೆ ಅವನಿಗೂ ಏರ್‌ಲೈನೇ. ಬ್ಲಾಸ್ಟ್ ಮುಗಿದು ಧೂಳು ಕೂತ ಮೇಲೆ ಕೆಳಗೆ ಬಿದ್ದ ಗ್ರಿಟ್ ಬಾಚಿ ತೆಗೆಯೋರಿಗೆ ಫುಲ್ ಫೇಸ್ ಫಿಲ್ಟರ್ ಮಾಸ್ಕ್ ಇರಲಿ, ಪೊರಕೆ ಬೇಡ, ವ್ಯಾಕ್ಯೂಮ್ ಬಳಸಿ, ಬಟ್ಟೆಗೆ ಏರ್ ಹೊಡ್ಕೊಂಡು ಧೂಳು ಕೊಡವೋ ಚಟ ಬಿಡಿಸಿ. ಮುಖಕ್ಕೆ ಅಂಟಿ ಕೂರೋ ಮಾಸ್ಕ್ ಯಾವುದೇ ಆಗ್ಲಿ ಗಡ್ಡ ಇದ್ರೆ ಕೆಲಸಕ್ಕೆ ಬರಲ್ಲ, ಎರಡು ದಿನದ ಕುರುಚಲು ಗಡ್ಡ ಆದ್ರೂ ಸಂದಿಯಿಂದ ಧೂಳು ನುಗ್ಗುತ್ತೆ. ಸಡಿಲ ಹುಡ್ ಇರೋ ಹೆಲ್ಮೆಟ್‌ಗೆ ಆ ತಾಪತ್ರಯ ಇಲ್ಲ, ಗಡ್ಡ ತೆಗೆಯಲ್ಲ ಅನ್ನೋರಿಗೆ ಅದನ್ನೇ ಕೊಡಿ. ಶಬ್ದ ಜಾಸ್ತಿ, ಹೆಲ್ಮೆಟ್ ಒಳಗೂ ಇಯರ್ ಪ್ಲಗ್ ಬೇಕು.

ನಾಝಲ್ ನಿಂತ ತಕ್ಷಣ ಹೆಲ್ಮೆಟ್ ತೆಗೀಬೇಡಿ, ಸಣ್ಣ ಧೂಳು ಇನ್ನೂ ಗಾಳೀಲೇ ತೇಲ್ತಿರುತ್ತೆ, ಹೊರಗೆ ಬಂದು ತೆಗೀರಿ. ರಾತ್ರಿ ಅದನ್ನ ಬ್ಲಾಸ್ಟ್ ರೂಮಲ್ಲೇ ಮೊಳೆಗೆ ನೇತಾಕಬೇಡಿ, ಒರೆಸಿ ಕವರ್ ಒಳಗಿಡಿ. ಬೆಳಿಗ್ಗೆ ಹಾಕೋ ಮುಂಚೆ ಗ್ಲಾಸಿನ ಒಳಗಡೆ ಒಂದ್ಸಲ ಬೆರಳಾಡಿಸಿ, ಬೆರಳಿಗೆ ಧೂಳು ಹತ್ತಿದ್ರೆ ಅವತ್ತು ಹಾಕ್ಕೊಬೇಡಿ, ಕತ್ತಿನ ಪಟ್ಟಿ ಹರಿದಿದ್ಯಾ, ಪೈಪ್ ಜಾಯಿಂಟ್ ಲೀಕ್ ಇದ್ಯಾ ನೋಡಿ ಸರಿ ಮಾಡಿಸಿ, ಆಮೇಲೆ ಪಾಟ್ ಆನ್ ಮಾಡಿ.