ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು ಹೀಗೆ

ಲಕ್ವ ಹೊಡೆದವರನ್ನು, ಎದ್ದು ಓಡಾಡಲಾಗದ ಹಿರಿಯರನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ 'ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ' ಅನ್ನುತ್ತಾರೆ. ಹೇಗೆ ಅಂತ ತೋರಿಸಿಕೊಡುವುದು ಕಡಿಮೆ. ಮನೆಯವರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕೈ ಹಿಡಿದು ಎಳೆಯುತ್ತಾರೆ, ಪೂರ್ತಿ ಪಕ್ಕಕ್ಕೆ ಹೊರಳಿಸಿ ಬಿಟ್ಟುಬಿಡುತ್ತಾರೆ. ಕೆಲವೇ ದಿನಕ್ಕೆ ಸೊಂಟದ ಮೂಳೆಯ ಮೇಲೆ ಹುಣ್ಣು. ಇದನ್ನು ನೋಡಿ ನೋಡಿ ಸಂಕಟವಾಗಿ ಬರೆಯುತ್ತಿದ್ದೇನೆ.

ಬೆನ್ನುಮೂಳೆಗೆ ಪೆಟ್ಟಾದವರು, ಸೊಂಟದ ಆಪರೇಷನ್ ಆದವರು ಇದ್ದರೆ ಡಾಕ್ಟರನ್ನು ಕೇಳದೆ ಕೈ ಹಾಕಬೇಡಿ.

ಮಂಚದ ಗಾಲಿ ಲಾಕ್ ಮಾಡಿ, ತಲೆಯ ಭಾಗ ತಗ್ಗಿಸಿ, ಯೂರಿನ್ ಟ್ಯೂಬ್ ಮೈಕೆಳಗೆ ಸಿಗದಂತೆ ಸರಿಸಿಡಿ. ಊಟವಾದ ಕೂಡಲೇ ಬೇಡ, ಒಂದು ಗಂಟೆ ಬಿಡಿ. ಏನು ಮಾಡುತ್ತೀರಿ ಅಂತ ಅವರಿಗೆ ಹೇಳಿ. ಮಾತು ನಿಂತವರಿಗೂ ಹೇಳಿ.

ಎಡಕ್ಕೆ ತಿರುಗಿಸಬೇಕಾದರೆ ಮೊದಲು ಬಲ ಅಂಚಿನ ಕಡೆಗೆ ಸರಿಸಬೇಕು. ಇಲ್ಲದಿದ್ದರೆ ತಿರುಗಿದ ಮೇಲೆ ಮಂಚದ ತುದಿಗೆ ಬಂದುಬಿಡುತ್ತಾರೆ. ಕಂಕುಳಿಗೆ ಕೈ ಹಾಕಿ ಎಳೆಯಲೇಬಾರದು. ಲಕ್ವ ಆದ ಕಡೆಯ ಭುಜ ಸಡಿಲವಾಗಿರುತ್ತದೆ, ಕೀಲು ಜಾರಬಹುದು. ಎಳೆದಾಗ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ನಡುವಿನ ರಕ್ತನಾಳಗಳು ಜಗ್ಗಿ ಹಾಳಾಗುತ್ತವೆ. ಹಳೆಯ ಕಾಟನ್ ಪಂಚೆಯನ್ನು ಎರಡು ಪದರ ಮಡಿಸಿ ಭುಜದಿಂದ ತೊಡೆಯವರೆಗೆ ಸುಕ್ಕಿಲ್ಲದೆ ಹಾಸಿಡಿ. ಇಬ್ಬರು ಎರಡು ಕಡೆ ನಿಂತು, ಅಂಚನ್ನು ಅವರ ಮೈಯವರೆಗೆ ಸುರುಳಿ ಸುತ್ತಿ ಹಿಡಿದು, ಮಂಡಿ ಬಗ್ಗಿಸಿ, ಎತ್ತಿ ಸರಿಸಿ. ಒಬ್ಬರೇ ಸಾಹಸ ಮಾಡಬೇಡಿ, ನಿಮ್ಮ ಸೊಂಟವೂ ಉಳಿಯಬೇಕು ಅಲ್ವಾ?

ತಿರುಗಿಸುವುದು ಸುಲಭ. ಎಡಗೈ ಮೈಯಿಂದ ಆಚೆ ಇಡಿ, ಬಲ ಮಂಡಿ ಮಡಿಸಿ. ನೀವು ಎಡಗಡೆ ನಿಂತು, ಬಲಭುಜ ಮತ್ತು ಸೊಂಟದ ಹಿಂದೆ ಕೈಯಿಟ್ಟು ನಿಮ್ಮ ಕಡೆಗೆ ಹೊರಳಿಸಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಪೂರ್ತಿ ಪಕ್ಕಕ್ಕೆ ಮಲಗಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಅಲ್ಲಿ ಮಾಂಸವೇ ಕಡಿಮೆ. ನಮಗೆ ಬೇಕಾದದ್ದು 30 ಡಿಗ್ರಿ ಓರೆ. ಬೆನ್ನ ಹಿಂದೆ ದಿಂಬನ್ನು ಉದ್ದಕ್ಕೆ ಸಿಕ್ಕಿಸಿ, ನಿಧಾನವಾಗಿ ಅದಕ್ಕೆ ಒರಗಿಸಿ. ಆಗ ಭಾರ ಕುಂಡಿಯ ಮಾಂಸದ ಮೇಲೆ ಬರುತ್ತದೆ. ಅಳತೆಗೆ ನಿಮ್ಮ ಅಂಗೈ ಸಾಕು. ಬೆನ್ನಿನ ಬುಡದ ಮೂಳೆಯ ಕೆಳಗೆ ತೂರಿಸಿ ನೋಡಿ, ಸಲೀಸಾಗಿ ಹೋಗಬೇಕು. ಸಿಕ್ಕಿಕೊಂಡರೆ ಜಾಸ್ತಿ ಹಿಂದಕ್ಕೆ ಒರಗಿದ್ದಾರೆ. ಆಮೇಲೆ ಕೆಳಗಿರುವ ಸೊಂಟದ ಪಕ್ಕ ಕೈ ಹಾಕಿ. ಮೂಳೆ ಗಟ್ಟಿಯಾಗಿ ಒತ್ತಿದರೆ ಇನ್ನಷ್ಟು ಒರಗಿಸಿ. ಕೆಳಗಿನ ಭುಜವನ್ನು ಬೆನ್ನ ಹಿಂದಿನ ಹಲಗೆ ಮೂಳೆ ಹಿಡಿದು ತುಸು ಮುಂದಕ್ಕೆ ತನ್ನಿ. ಕಿವಿ ಮಡಚಿಕೊಂಡಿದೆಯಾ ನೋಡಿ. ಮಂಡಿ ಮಂಡಿಗೆ ತಾಗದಂತೆ ನಡುವೆ ದಿಂಬಿಡಿ. ಮೀನಖಂಡಕ್ಕೂ ಆಧಾರ ಕೊಡಿ. ಎರಡೂ ಹಿಮ್ಮಡಿ ಹಾಸಿಗೆಗೆ ತಾಗಬಾರದು.

ನಡುವೆ ತೂತಿರುವ ಗಾಳಿ ರಿಂಗ್ ಕೊಳ್ಳಬೇಡಿ. ಅದು ಸುತ್ತಲಿನ ಚರ್ಮವನ್ನು ಒತ್ತಿ ರಕ್ತ ಹರಿಯುವುದನ್ನೇ ತಡೆಯುತ್ತದೆ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಗೆ ಇಡುವುದೂ ಬೇಡ. ಏರ್‌ಬೆಡ್ ಒಳ್ಳೆಯದು, ಆದರೆ ಅದಿದೆ ಅಂತ ತಿರುಗಿಸುವುದನ್ನು ಬಿಡುವಂತಿಲ್ಲ. ಅದರ ಮೇಲೆ ದಪ್ಪ ರಗ್ಗು ಹಾಸಿದರೆ ದುಡ್ಡು ದಂಡ.

ಗೋಡೆಗೆ ಒಂದು ಹಾಳೆ ಅಂಟಿಸಿ: 6ಕ್ಕೆ ಎಡ, 8ಕ್ಕೆ ಅಂಗಾತ, 10ಕ್ಕೆ ಬಲ. ಮಾಡಿದವರು ಟಿಕ್ ಹಾಕಲಿ.

ಪ್ರತಿ ಸಲ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದು. ಸುತ್ತಲಿಗಿಂತ ಬಿಸಿ ಅಥವಾ ಗಟ್ಟಿ ಇದೆಯಾ ಮುಟ್ಟಿ ನೋಡಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗೆ ಇನ್ನಷ್ಟು ಹಾಳಾಗುತ್ತದೆ. ಆ ಜಾಗಕ್ಕೆ ಭಾರ ಬೀಳದಂತೆ ಮಲಗಿಸಿ, ಅವತ್ತೇ ನರ್ಸ್ ಅಥವಾ ಡಾಕ್ಟರಿಗೆ ತೋರಿಸಿ.